ತೊಳೆದರೆ ಹೋಗುವ ಬಣ್ಣದ ಉಚ್ಚೆಂಗಮ್ಮ

ಕಂಪ್ಲಿಯ ಆ ಕಲ್ಯಾಣ ಮಂಟಪಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿತ್ತಲಲ್ಲಿ ಅಡುಗೆಯವರು ಉಪ್ಪಿಟ್ಟಿನ ಒಗ್ಗರಣೆಗೆ ಇಟ್ಟಿದ್ದಾರೆ. ಮೈಕಿನವನು "ಹಲೋ, ಹಲೋ" ಎಂದು ತನ್ನನ್ನು ತಾನೇ ವಿಚಾರಿಸಿಕೊಳ್ಳುತ್ತಿದ್ದಾನೆ. ಮಹಡಿಯ ಮೇಲೆ ವಧುವಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮದುಮಗಳು ಹೇಮಾ. ಅವಳೆದುರು ಮೊಣಕಾಲೂರಿ ಕೂತು, ಹಳೆಯ ಪಂಚೆಯ ತುಂಡಿನಲ್ಲಿ ಐಸ್ ಸುತ್ತಿ ಕೆನ್ನೆಗೆ ಒತ್ತುತ್ತಿರುವವರು ಉಚ್ಚೆಂಗಮ್ಮ.

"ಥಂಡಿ ಆಗ್ತೈತಿ ಯಕ್ಕಾ."

"ಆಗ್ಲಿ ತಗಾ. ಇವತ್ತಿನ ಥಂಡಿ ಇದಾ ಕಡೀದು. ಆಮ್ಯಾಲೆ ಬಿಸ್ಲು, ಆಮ್ಯಾಲೆ ಜನ, ಆಮ್ಯಾಲೆ ಅತ್ತಿ ಮನಿ."

ಹೇಮಾ ನಗುತ್ತಾಳೆ. ನಕ್ಕ ಕೆನ್ನೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದು ಉಚ್ಚೆಂಗಮ್ಮ ನೋಡಿಕೊಳ್ಳುತ್ತಾರೆ. ಆ ಮಡಿಕೆಯಲ್ಲಿ ಬಣ್ಣ ತೆಳ್ಳಗಿರಬೇಕು, ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಬಿರುಕು. ಇದು ಮಾತಲ್ಲ, ಅಳತೆ. ಮದುಮಗಳನ್ನು ನಗಿಸುವುದು ಅವರ ಕೆಲಸದ ಮೊದಲ ಹಂತ.

ಬಾಗಿಲಿಗೆ ಅಡ್ಡಲಾಗಿ, ಕೈಕಟ್ಟಿ ನಿಂತಿರುವವರು ಹೇಮಾಳ ಸೋದರತ್ತೆ ಊರಮ್ಮ. ಮದುವೆಯ ಮನೆಯಲ್ಲಿ ಯಾರೂ ನೇಮಿಸದೆ ಅಧಿಕಾರ ವಹಿಸಿಕೊಳ್ಳುವ ಒಬ್ಬರು ಇದ್ದೇ ಇರುತ್ತಾರಲ್ಲ, ಅವರು ಇವರು.

"ಹೊಸಪೇಟ್ಯಾಗ ಇಪ್ಪತ್ನಾಕು ತಾಸು ಅಲ್ಲಾಡದಂಥ ವಾಟರ್‌ಪ್ರೂಫ್ ಹಾಕ್ತಾರಂತ," ಊರಮ್ಮ ಗೋಡೆಗೆ ಹೇಳುತ್ತಾರೆ. "ಇಕಿ ನೋಡಿದ್ರ ತೊಳದ್ರ ಹೋಗೋದು ಹಾಕ್ತೀನಿ ಅಂತಾಳ. ಹೋಗೋದಕ್ಕ ಯಾರರ ರೊಕ್ಕ ಕೊಡ್ತಾರೇನು?"

"ಹೋಗಬಾರ್ದು ಅಂದ್ರ ಹಚ್ಚೆ ಹಾಕಿಸ್ರಿ ಅತ್ತಿ," ಉಚ್ಚೆಂಗಮ್ಮ ತಿರುಗಿಯೂ ನೋಡದೆ ಹೇಳುತ್ತಾರೆ. "ಹಂಪ್ಯಾಗ ಫಾರಿನ್‌ನವ್ರು ಹಾಕಿಸ್ಕಂತಾರ. ಸಾಯೋತನಾ ಗ್ಯಾರಂಟಿ."

ಈ ಜಗಳ ತಮಾಷೆಯಂತೆ ಕೇಳಿಸುತ್ತದೆ, ಅರ್ಧ ಮಾತ್ರ ತಮಾಷೆ. ಕಳೆದ ಬೇಸಿಗೆಯಲ್ಲಿ ಸಂಡೂರಿನ ಒಂದು ಮದುವೆಯಲ್ಲಿ ಉಚ್ಚೆಂಗಮ್ಮ ಮಾಡಿದ ಅಲಂಕಾರ ತಾಳಿ ಕಟ್ಟುವ ಮೊದಲೇ ಇಳಿಯಿತು. ಹಣೆಯಿಂದ ಕಿವಿಯವರೆಗೆ ಒಂದು ಗೆರೆ, ಅದರ ಮೇಲೆ ಗಣಿ ರಸ್ತೆಯ ಕೆಂಪು ಧೂಳು. ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನ ಸ್ಟೇಟಸ್‌ಗೆ ಹಾಕಿದರು, ನಗುವ ಮುಖದ ಚಿತ್ರದ ಸಮೇತ. ಅಲ್ಲಿಂದ ಫೋನುಗಳು ತಣ್ಣಗಾದವು. ಬಂದ ಮಾತುಗಳೂ "ನೋಡಿ ಹೇಳ್ತೀವಿ" ಎಂಬಲ್ಲಿಗೆ ನಿಂತವು. ಅದಾದ ಮೇಲೆ ಸಿಕ್ಕ ಮೊದಲ ದೊಡ್ಡ ಮದುವೆ ಇದು. ಲಗ್ನ ಇರುವುದು ನಡುಮಧ್ಯಾಹ್ನ.

"ಇವತ್ತು ಮುಖದ್ದು ಇಳೀತು ಅಂದ್ರ," ಉಚ್ಚೆಂಗಮ್ಮ ಐಸ್ ನೀರನ್ನು ಬಕೆಟಿಗೆ ಹಿಂಡುತ್ತಾ ಹೇಳುತ್ತಾರೆ, "ನಾಳೆ ನಾನೂ ಅಂಗಡಿ ಬೋರ್ಡ್ ಇಳಸಾದ."

ಆ ಬೋರ್ಡು ಇರುವುದು ಟಿ.ಬಿ. ಡ್ಯಾಂ ಎಂಬ ಅಣೆಕಟ್ಟೆಯ ಊರಿನಲ್ಲಿ, ಬಸ್ಸು ತಿರುಗುವ ಜಾಗದ ಹಿಂದಿನ ಓಣಿಯಲ್ಲಿ. ಒಂದೇ ಕೋಣೆ, ಎರಡು ಕನ್ನಡಿ. ಒಂದರಲ್ಲಿ ಎಲ್ಲರೂ ಸ್ವಲ್ಪ ಅಗಲ ಕಾಣುವುದರಿಂದ ಅದರ ಮುಂದೆ ಸಣಕಲು ಹುಡುಗಿಯರನ್ನಷ್ಟೇ ಕೂರಿಸುತ್ತಾರೆ. ಹೆಸರು "ಉಚ್ಚೆಂಗಿ ಬ್ಯೂಟಿ ಪಾರ್ಲರ್". ಬೋರ್ಡು ಬರೆದವನು "ಯಕ್ಕಾ, ಉಚ್ಚೆಂಗಿ ಅಂದ್ರ ಯಾರ್ ಬರ್ತಾರ? ಗ್ಲಿಟರ್ ಅಂತ ಇಡು" ಎಂದು ತಿಳಿಹೇಳಿದ್ದನಂತೆ. "ದೇವಿ ಹೆಸರು ತಗದು ಗ್ಲಿಟರ್ ಅಂತ ಹಾಕಿದ್ರ, ಆಕಿ ಗುಡ್ಡ ಇಳದು ಬಂದು ಮೊದ್ಲು ನಿನ್ನ ಕೇಳ್ತಾಳ ನೋಡು" ಎಂದು ಇವರು ಹೇಳಿದ ಮೇಲೆ ಅವನು ಹೇಳಿದ್ದನ್ನೇ ಬರೆದು ಹೋದ.

ಹುಟ್ಟಿದ್ದು ಸಂಡೂರು ತಾಲೂಕಿನ ಬಂಡ್ರಿ. ತಾಯಿ ಹೊಲಕ್ಕೂ ಗಣಿಗೂ ಕೂಲಿ ಹೋಗುತ್ತಿದ್ದರು. ಏಳನೇ ತರಗತಿಯ ನಂತರ ಮಗಳು ಶಾಲೆ ಬಿಟ್ಟಳು, ಆದರೆ ವಿದ್ಯೆ ಬಿಡಲಿಲ್ಲ. ಮನೆಯಲ್ಲೇ ಒಂದು ವಿಶ್ವವಿದ್ಯಾಲಯವಿತ್ತು, ಸೋದರಮಾವ ಮೂಕಣ್ಣ. ಹೆಸರು ಮೂಕಣ್ಣ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಬಯಲಾಟದ ತಂಡಕ್ಕೆ ಬಣ್ಣ ಹಚ್ಚುವುದು ಅವರ ಕೆಲಸ. ಸುತ್ತಲ ಹಳ್ಳಿಗಳ ರಾವಣ, ಕೀಚಕ, ದುಶ್ಶಾಸನರೆಲ್ಲ ಅವರ ಬೆರಳಿನಿಂದಲೇ ಹುಟ್ಟುತ್ತಿದ್ದರು. ಅರದಾಳ ಎಂಬ ಬಣ್ಣದ ಕಲ್ಲನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆಯುವುದು ಪುಟ್ಟ ಉಚ್ಚೆಂಗಿಯ ಪಾಲಿಗಿತ್ತು.

ಅರದಾಳ ನೋಡಲು ಬಂಗಾರದ ಹಳದಿ, ಕುಲದಲ್ಲಿ ಪಾಷಾಣದ ಸಂಬಂಧಿ. ಹಳೆಯದೆಲ್ಲ ಅಮೃತ ಎನ್ನುವವರಿಗೆ ಉಚ್ಚೆಂಗಮ್ಮನ ಬಳಿ ಒಂದೇ ಉತ್ತರವಿದೆ: "ನಮ್ಮ ಮಾವನ ಕೈ ನೋಡಬೇಕಿತ್ತು ನೀವು. ಬೆರಳ ಸಂದಿ ಎಲ್ಲಾ ಒಡದು ಹೋಗಿದ್ವು. ನೈಸರ್ಗಿಕಾ ಅಂದ್ರ ಹಾವಿನ ವಿಷಾನೂ ನೈಸರ್ಗಿಕಾನ ಅಲ್ಲೇನ್ರಿ?"

ಆದರೆ ಮಾವ ಕಲಿಸಿದ ಎರಡು ಪಾಠಗಳನ್ನು ಅವರು ಬಿಟ್ಟಿಲ್ಲ. ಮೊದಲನೆಯದು ಬೆವರನ್ನು ಗೆಲ್ಲುವ ಬಗೆ. ದಪ್ಪ ಕಿರೀಟದ ಕೆಳಗೆ ರಾತ್ರಿಯಿಡೀ ಕುಣಿಯುವ ರಾವಣನ ಬಣ್ಣ ಇಳಿಯದಂತೆ ಮೂಕಣ್ಣ ತೆಳ್ಳಗೆ ಒಂದು ಪದರ ಹಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿ, ಆರಲು ಬಿಟ್ಟು, ಪುಡಿ ತುಂಬಿದ ಬಟ್ಟೆಯ ಗಂಟು ತಟ್ಟಿ, ಮತ್ತೊಂದು ಪದರ ಹಚ್ಚುತ್ತಿದ್ದರು. ಎರಡನೆಯದು ಬೆಳಗಿನ ಪಾಠ. ಆಟ ಮುಗಿದ ಮೇಲೆ ವೇಷದವರನ್ನು ಸಾಲಾಗಿ ಬಾವಿಕಟ್ಟೆಗೆ ಕೂರಿಸಿ, ಎಣ್ಣೆ ಹಚ್ಚಿ, ತಾವೇ ಬಣ್ಣ ಬಿಡಿಸುತ್ತಿದ್ದರು. ಅವಸರ ಮಾಡಿದವರಿಗೆ ಬೈಗುಳ.

"'ರಾವಣ ಮನೀಗೆ ಹೋಗಬಾರ್ದಲೇ' ಅಂತಿದ್ದ ಮಾವ. 'ಹೆಂಡ್ತಿ ಬಾಗ್ಲಾ ತಗದ್ರ ಗಂಡ ಕಾಣಬೇಕು, ರಾವಣ ಕಾಣಬಾರ್ದು. ಹಚ್ಚೋದು ಅರ್ಧ ವಿದ್ಯೆ, ಬಿಡಸೋದು ಇನ್ನರ್ಧ.' ಅವಾಗ ನನಗ ನಗು ಬರ್ತಿತ್ತು."

ಮದುವೆಯಾಗಿ ಬಂದದ್ದು ಡ್ಯಾಮಿಗೆ. ಗಂಡ ಮಾರೇಶ್ ಕಾಲುವೆಯ ಲಸ್ಕರ್, ಅಂದರೆ ತೂಬಿನ ಗೇಟು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ನೌಕರ. ಹೊಸಪೇಟೆಯಲ್ಲಿ ಮಹಿಳೆಯರಿಗೆಂದು ನಡೆದ ತರಬೇತಿಯೊಂದರಲ್ಲಿ ಉಚ್ಚೆಂಗಮ್ಮ ಹುಬ್ಬು ತೀಡುವುದನ್ನೂ ಫೇಶಿಯಲ್ಲನ್ನೂ ಕಲಿತರು. ಆಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದು ಊರೂರು ಬಸ್ಸು ಹತ್ತಿದರು. ಬೇಸಿಗೆಯಲ್ಲಿ ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಇಟ್ಟರೆ ಲಿಪ್‌ಸ್ಟಿಕ್ಕು ಕರಗಿ ಪಾಯಸ. ಹಿಂದಿನ ಸೀಟಿನ ಕೆಳಗೆ ಇಟ್ಟರೆ ಯಾರದೋ ಕೋಳಿ ಅದರ ಮೇಲೆ ಆಸೀನ. ಹಂಪಿಯಲ್ಲಿ ಮದುವೆಗೆ ಮುಂಚಿನ ಫೋಟೋ ಹುಚ್ಚು ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಕಾದ ಬಂಡೆಯ ಮೇಲೆ ಜೋಡಿ ಪ್ರೇಮದಿಂದ ನೋಡಿಕೊಳ್ಳುತ್ತಿರುವಾಗ ಕೊಡೆ ಹಿಡಿದು ಬಂಡೆಯ ಹಿಂದೆ ಅಡಗಿ ಕೂರಬೇಕು.

ಈ ಬಿಸಿಲ ಸೀಮೆಗೆ ವಾಟರ್‌ಪ್ರೂಫ್ ಬಾಟಲಿ ವರವಾಗಿ ಬಂದದ್ದು ಸಹಜ. ತಂದುಕೊಟ್ಟ ಏಜೆಂಟನು "ಫ್ಲೋರೋ ಟೆಕ್ನಾಲಜಿ ಮೇಡಂ" ಎಂದ. ಉಚ್ಚೆಂಗಮ್ಮನ ಕಿವಿಗೆ ಅದು "ಫ್ಲವರ್" ಎಂದು ಬಿತ್ತು. ಅಂದಿನಿಂದ ಪ್ರತಿ ಮದುಮಗಳಿಗೂ ಒಂದೇ ವಿವರಣೆ: "ಹೂವಿಂದು ಐತವ್ವ ಇದು. ಫಾರಿನ್ ಹೂವು." ಮುಂಗೈಗೆ ಒಂದು ಬೊಟ್ಟು ಸವರಿ, ಅದರ ಮೇಲೆ ನೀರಿನ ಹನಿ ಬಿಟ್ಟು ತೋರಿಸುತ್ತಿದ್ದರು. ಹನಿ ತಾವರೆ ಎಲೆಯ ಮೇಲಿನಂತೆ ದುಂಡಗೆ ಉರುಳಿ ಕೆಳಗೆ ಬೀಳುತ್ತಿತ್ತು. ಹೆಂಗಸರು "ಅಯ್ಯ ನನ್ನವ್ವ" ಎಂದು ಬೆರಗಾಗುತ್ತಿದ್ದರು. ಊರ ಕಡೆ "ಹೂವಿನ ಪೌಡರ್ ಉಚ್ಚೆಂಗಮ್ಮ" ಎಂಬ ಬಿರುದೂ ಬಂತು.

ಬಿರುದು ಕಳಚಿದವಳು ಹೊಸಪೇಟೆಯ ಗಾಯತ್ರಿ. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿ. ತನ್ನ ಮದುವೆಯ ದಿನ ಕುರ್ಚಿಯಲ್ಲಿ ಅಲ್ಲಾಡದೆ ಕೂತವಳಿಗೆ ಓದಲು ಬೇರೇನೂ ಸಿಗಲಿಲ್ಲ, ಬಾಟಲಿಯ ಬೆನ್ನು ಓದಿದಳು.

"ಯಕ್ಕಾ, ಇದು ಹೂವಲ್ಲ. ಪರ್‌ಫ್ಲೋರೋ ಅಂತ ಬರದೈತಿ. ಕೆಮಿಕಲ್."

"ಹೂವು ಅಂದ ಆ ಏಜೆಂಟ?"

"ಅಂವ ಅಂದಿಲ್ಲ, ನೀ ಕೇಳಿಸ್ಕಂಡಿ."

ಮುಖದ ಅರ್ಧಕ್ಕೆ ಬಣ್ಣ ಹಚ್ಚಿಸಿಕೊಂಡ ಸ್ಥಿತಿಯಲ್ಲೇ ಗಾಯತ್ರಿ ಪಾಠ ಮಾಡಿದಳಂತೆ. ಫ್ಲೋರಿನ್ ಸೇರಿಸಿ ಮಾಡುವ ಈ ರಾಸಾಯನಿಕಗಳದ್ದು ದೊಡ್ಡ ಕುಟುಂಬ. ದೋಸೆ ಅಂಟದ ತವೆಯ ಮೇಲಿನ ಲೇಪನವೂ ಇದೇ ಮನೆತನದ್ದು. ನೀರನ್ನೂ ಎಣ್ಣೆಯನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದಲೇ ಫೌಂಡೇಶನ್ನು, ಮಸ್ಕಾರ, ಲಿಪ್‌ಸ್ಟಿಕ್ಕುಗಳಲ್ಲಿ ಕೆಲವು ಕಂಪನಿಗಳು ಬಳಸಿದವು. ಗುಣವೇ ಇವುಗಳ ದೋಷ. ಒಮ್ಮೆ ಹುಟ್ಟಿದರೆ ಸುಲಭಕ್ಕೆ ಒಡೆಯುವುದಿಲ್ಲ. ಮುಖದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಣ್ಣು, ನೀರಿಗೆ ಹೋಗಿ ಬಹುಕಾಲ ಉಳಿಯುತ್ತವೆ. ಈ ಕುಟುಂಬದ ಕೆಲವು ಸದಸ್ಯರು ಮನುಷ್ಯರ ರಕ್ತದಲ್ಲೂ ಸಿಕ್ಕಿದ್ದಾರೆ, ಇಂಥ ಕೆಲವು ಸದಸ್ಯರಿಗೂ ಕಾಯಿಲೆಗಳಿಗೂ ನಂಟು ಹೇಳುವ ಅಧ್ಯಯನಗಳಿವೆ. ಚರ್ಮದ ಮೂಲಕ ಎಷ್ಟು ಒಳಗಿಳಿಯುತ್ತವೆ, ಯಾವುದು ಎಷ್ಟು ಕೆಟ್ಟದ್ದು ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ. ತಿಳಿಯುವವರೆಗೆ ಕಾಯದೆ ಕೆಲವು ದೇಶಗಳು ಅಲಂಕಾರದ ಸಾಮಾನಿನಿಂದ ಇವನ್ನು ಹೊರಗಿಡಲು ಹೊರಟಿವೆ.

ಉಚ್ಚೆಂಗಮ್ಮನಿಗೆ ಇದರಲ್ಲಿ ಎಷ್ಟು ಅರ್ಥವಾಯಿತು? "ರಾವಣ ಮನೀಗೆ ಹೋಗ್ಯಾನ ಅನ್ನೋದು ಅರ್ಥ ಆತು," ಎನ್ನುತ್ತಾರೆ. ಆಮೇಲೆ ತಮ್ಮ ಕೈ ಚಾಚಿ ತೋರಿಸುತ್ತಾರೆ. "ಮದುಮಗಳಿಗೆ ಒಂದಿನ ಅಷ್ಟ. ನನ್ನ ಬೆರಳಿಗೆ ದಿನಾ. ಅದನ್ನ ಯಾರೂ ಕೇಳಿಲ್ಲ ನೋಡ್ರಿ, ನಾನೂ ಕೇಳಿದ್ದಿಲ್ಲ." ಮನೆಗೆ ಹೋಗಿ ಹೇಳಿದಾಗ ಮಾರೇಶ್ ಗಂಭೀರವಾಗಿ ತಲೆದೂಗಿ, "ಹಂಗಾರ ನೀ ತೊಳದ ಬಕೆಟ್ ನೀರು ನನ್ನ ಕಾಲಿವ್ಯಾಗ ಬರ್ತೈತಿ. ಮ್ಯಾಲೆ ರಿಪೋರ್ಟ್ ಮಾಡ್ಲೇನು?" ಎಂದನಂತೆ.

ಆ ಬಾಟಲಿಗಳು ಪೆಟ್ಟಿಗೆಯಿಂದ ಇಳಿದವು. ಈಗ ಹೊಸ ಸಾಮಾನು ಕೊಳ್ಳುವಾಗ ಉಚ್ಚೆಂಗಮ್ಮ ಮೊಬೈಲಿನ ಕ್ಯಾಮೆರಾದಿಂದ ಬಾಟಲಿಯ ಬೆನ್ನನ್ನು ದೊಡ್ಡದು ಮಾಡಿ ನೋಡುತ್ತಾರೆ. ಇಂಗ್ಲಿಷು ಓದುವುದಿಲ್ಲ, ಆದರೆ ಗಾಯತ್ರಿ ಬರೆದುಕೊಟ್ಟ 'ಫ್ಲೋರೋ' ಎಂಬ ಆರು ಇಂಗ್ಲಿಷ್ ಅಕ್ಷರಗಳ ಆಕಾರ ಗೊತ್ತು. "ಎಲ್ಡು ಸೊನ್ನಿ ಇರ್ತಾವ. ಸೊನ್ನಿ ನಡುವ ಒಂದು ಅಕ್ಷರ ಸಿಕ್ಕಾಕ್ಕಂಡಿರ್ತೈತಿ, ಅದು ಕಂಡ್ರ ಬ್ಯಾಡ." ನೀರಿನ ಹನಿಯ ಪರೀಕ್ಷೆಯನ್ನೇ ತಿರುಗಿಸಿ, ಉರುಳಿದರೆ ಕೆಟ್ಟದ್ದು ಎಂದು ಹೇಳಲೂ ಹೊರಟಿದ್ದರು. ಗಾಯತ್ರಿ ಅದಕ್ಕೂ ಅಡ್ಡಬಂದಳು: ಮೇಣ ಹಾಕಿದರೂ ಹನಿ ಉರುಳುತ್ತದೆ, ಬರೆಯದೆ ಬಿಟ್ಟದ್ದೂ ಒಳಗಿರಬಹುದು. "ಪೂರಾ ಗೊತ್ತಾಗಂಗಿಲ್ಲಂತ್ರಿ. ಬರದಿದ್ದನ್ನರ ಬಿಡಬಹುದಲ್ಲ?"

ನಿಜವಾದ ಗೊಂದಲ ಶುರುವಾದದ್ದು ಇದನ್ನು ಗಿರಾಕಿಗಳಿಗೆ ಹೇಳಹೊರಟಾಗ. ಈ ಸೀಮೆಯ ಹಳ್ಳಿಗಳಲ್ಲಿ ಫ್ಲೋರೈಡ್ ಎಂಬ ಶಬ್ದ ಯಾರಿಗೂ ಹೊಸದಲ್ಲ. ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು ಪ್ರತಿ ಓಣಿಯಲ್ಲೂ ಇದ್ದಾರೆ. "ನಮ್ಮದ್ರಾಗ ಫ್ಲೋರೋ ಇಲ್ಲ" ಎಂದು ಉಚ್ಚೆಂಗಮ್ಮ ಹೇಳಿದ್ದೇ ತಡ, ಬೇರೆಯವರ ಕ್ರೀಮು ಹಚ್ಚಿದರೆ ಹಲ್ಲು ಹಳದಿಯಾಗುತ್ತವೆ ಎಂದು ಸುದ್ದಿ ಹಬ್ಬಿತು. ಹುಡುಗಿಯರು ಕನ್ನಡಿಯ ಮುಂದೆ ಮೊದಲು ಹಲ್ಲು ಕಿರಿದು ನೋಡಿಕೊಳ್ಳತೊಡಗಿದರು. ಬಂಡ್ರಿ ಕಡೆಯ ಬೀಗಿತ್ತಿಯೊಬ್ಬರು ಕ್ಯಾನು ಹೊತ್ತು ತಂದು, "ಆರ್.ಓ. ನೀರು ಐತವ್ವ, ಇದ್ರಾಗ ಕಲಸು" ಎಂದರು.

ಸತ್ಯ ಹೇಳಿ ಬಂದ ಗಿರಾಕಿಗಿಂತ ಈ ತಪ್ಪು ತಂದ ಗಿರಾಕಿಗಳೇ ಹೆಚ್ಚು. ಜಾಣರಾಗಿದ್ದರೆ ಸುಮ್ಮನಿರಬೇಕಿತ್ತು. ಉಚ್ಚೆಂಗಮ್ಮ ಬಂದವರಿಗೆಲ್ಲ, "ಹಲ್ಲಿಗೂ ಇದಕ್ಕೂ ಸಂಬಂಧ ಇಲ್ರಿ, ಅದು ಬ್ಯಾರೆ ಇದು ಬ್ಯಾರೆ" ಎಂದು ಬಿಡಿಸಿ ಹೇಳಿದರು. ಪಕ್ಕದ ಬೀದಿಯ ಪಾರ್ಲರಿಗೂ ಹೋಗಿ, ಆ ಸುದ್ದಿ ತಮ್ಮದಲ್ಲ ಎಂದು ಹೇಳಿ ಚಹಾ ಕುಡಿದು ಬಂದರು. "ಹಲ್ಲಿಂದು ಅಲ್ಲ ಅಂದ ಮ್ಯಾಲೆ ಮತ್ತೇನು ಅಂತ ಎದ್ದು ಹೋದ್ರು ರೀ ಮಂದಿ!" ಎಂದು ಅವರೇ ಹೊಟ್ಟೆ ಹಿಡಿದು ನಗುತ್ತಾರೆ. ಸಂಡೂರಿನ ಮದುವೆ ಬಂದದ್ದು ಇದರ ಬೆನ್ನಿಗೇ. ವಾಟರ್‌ಪ್ರೂಫ್ ಬಿಟ್ಟಿದ್ದರು, ಮಾವನ ವಿದ್ಯೆಯನ್ನು ಇನ್ನೂ ನೆನಪಿಸಿಕೊಂಡಿರಲಿಲ್ಲ. ಅವಸರಕ್ಕೆ ಒಂದೇ ದಪ್ಪ ಪದರ ಮೆತ್ತಿದ್ದರು. ಅದು ಜಾರಿತು.

ಇವತ್ತು ಅವಸರವಿಲ್ಲ. ಹೇಮಾಳ ಮುಖದ ಮೇಲೆ ತೆಳು ಪದರ, ಒದ್ದೆ ಬಟ್ಟೆ, ಆರಲು ಬಿಡುವುದು, ಪುಡಿಯ ಗಂಟು. ಮತ್ತೆ ಅದೇ. ನಡುವೆ ಊರಮ್ಮ ಮೂರು ಸಲ ಬಂದು "ಮುಗೀತೇನು?" ಎನ್ನುತ್ತಾರೆ. "ಗ್ವಾಡಿಗೆ ಸುಣ್ಣ ಹಚ್ಚಿದ್ರೂ ಆರಾಕ ಬಿಡ್ತಾರ್ರಿ ಅತ್ತಿ" ಎಂದು ಉತ್ತರ ಬರುತ್ತದೆ.

ನಡುಮಧ್ಯಾಹ್ನ ಮಂಟಪದಲ್ಲಿ ಕರೆಂಟು ಹೋಗುತ್ತದೆ. ಹೋಗದಿದ್ದರೆ ಆಶ್ಚರ್ಯಪಡಬೇಕಿತ್ತು. ಜನರೇಟರಿಗೆ ಡೀಸೆಲ್ ತರಲು ಹೋದವನು ಊಟದ ಪಂಕ್ತಿಯಲ್ಲಿ ಸಿಗುತ್ತಾನೆ. ಬಾಸಿಂಗ ಕಟ್ಟಿಕೊಂಡ ಮದುಮಗನ ಕುತ್ತಿಗೆಯಿಂದ ನೀರು ಇಳಿಯುತ್ತಿದೆ. ಫೋಟೋಗ್ರಾಫರ್ ಕನಕರಾಜ್ ಕ್ಯಾಮೆರಾದ ಪರದೆಯಲ್ಲಿ ಮದುಮಗಳ ಮುಖವನ್ನು ಹತ್ತಿರಕ್ಕೆ ಎಳೆದು ನೋಡುತ್ತಾನೆ. ಸಂಡೂರಿನ ಆ ಮದುವೆಯಲ್ಲೂ ಇದ್ದವನು ಅವನೇ.

"ಯಕ್ಕಾ, ಹಣಿ ಹೊಳೀತೈತಿ."

"ಬೆವರು ಅದು. ಬಣ್ಣ ಅಲ್ಲ. ಸರಿ ಅತ್ತಾಗ." ಉಚ್ಚೆಂಗಮ್ಮ ಅಕ್ಕಿಕಾಳು ಹಿಡಿದು ನಿಂತವರ ನಡುವೆ ನುಸುಳಿ, ಒದ್ದೆ ಬಟ್ಟೆಯನ್ನು ಹಣೆಗೆ ಒಮ್ಮೆ ಒತ್ತುತ್ತಾರೆ. ಉಜ್ಜುವುದಿಲ್ಲ. ಬಟ್ಟೆಯ ಮಡಿಕೆ ಬಿಡಿಸಿ ನೋಡುತ್ತಾರೆ. ಬೆಳ್ಳಗಿದೆ. ಅದನ್ನು ಯಾರಿಗೂ ತೋರಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಸರಿಯುತ್ತಾರೆ. ಗಟ್ಟಿಮೇಳ ಮೊಳಗುತ್ತದೆ, ಕೊರಳಿಗೆ ತಾಳಿ ಬೀಳುತ್ತದೆ, ಅಕ್ಕಿಯ ಮಳೆಯಲ್ಲಿ ಕನಕರಾಜ್ ಎಡಬಿಡದೆ ಕ್ಲಿಕ್ಕಿಸುತ್ತಾನೆ. ಆಮೇಲೆ ತಿರುಗಿ ಇವರತ್ತ ಹೆಬ್ಬೆರಳು ಎತ್ತಿ, "ಮಸ್ತ್ ಐತಿ ಯಕ್ಕಾ, ಗೆರಿ ಬಿದ್ದಿಲ್ಲ" ಎಂದು ಕೂಗುತ್ತಾನೆ. ಉಚ್ಚೆಂಗಮ್ಮ ಅಂದಿನ ಮೊದಲ ಚಹಾ ಕುಡಿಯುತ್ತಾರೆ.

ಮಗಳನ್ನು ಒಪ್ಪಿಸಿಕೊಡುವ ಹೊತ್ತಿಗೆ ಬಿಸಿಲು ಇಳಿಮುಖ. ಹೇಮಾಳ ಅಳು ಶುರುವಾದ ಮೇಲೆ ನಿಲ್ಲುವುದಿಲ್ಲ. ಅವಳಿಗಿಂತ ಜೋರಾಗಿ ಅಳುತ್ತಿರುವವರು ಬೆಳಗಿನಿಂದ ಕೈಕಟ್ಟಿ ನಿಂತಿದ್ದ ಊರಮ್ಮ. ಸೋದರಸೊಸೆಯ ಮುಖವನ್ನು ಎದೆಗೊತ್ತಿಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಒತ್ತಿಕೊಳ್ಳುತ್ತಾರೆ. ಕಾರು ಹೊರಟ ಮೇಲೆ ಸೆರಗು ನೋಡಿಕೊಳ್ಳುತ್ತಾರೆ. ಹಸಿರು ರೇಷ್ಮೆಯ ಮೇಲೆ ಕೆನ್ನೆಯ ಬಣ್ಣ, ಕಾಡಿಗೆ, ಅರ್ಧ ಕುಂಕುಮ.

"ಉಚ್ಚೆಂಗೀ! ನೋಡಿಲ್ಲಿ! ನಿನ್ನ ಮೇಕಪ್ ಪೂರಾ ನನ್ನ ಸೀರಿಗೆ ಬಂತು!"

ಪಾತ್ರೆ ತೊಳೆಯುವವರು ಸಹ ತಿರುಗಿ ನೋಡುತ್ತಾರೆ. ಉಚ್ಚೆಂಗಮ್ಮ ತಗಡಿನ ಪೆಟ್ಟಿಗೆ ಕೆಳಗಿಟ್ಟು, ಊರಮ್ಮನ ಸೆರಗು ಹಿಡಿದು ಹಿತ್ತಲಿನ ನಲ್ಲಿಗೆ ನಡೆಸಿಕೊಂಡು ಹೋಗುತ್ತಾರೆ. ಸೋಪು ಸವರಿ, ಬೆರಳಿನಿಂದ ಮೆಲ್ಲಗೆ ತಿಕ್ಕಿ, ನೀರು ಬಿಡುತ್ತಾರೆ. ಕೆನ್ನೆ ಹೋಯಿತು, ಕಾಡಿಗೆ ಹೋಯಿತು. ಕುಂಕುಮ ಸ್ವಲ್ಪ ಹಠ ಮಾಡಿ ಆಮೇಲೆ ಹೋಯಿತು. ಊರಮ್ಮ ಒದ್ದೆ ರೇಷ್ಮೆಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ. ಮೆಚ್ಚಿದೆ ಎಂದು ಹೇಳುವ ಅಭ್ಯಾಸ ಅವರಿಗಿಲ್ಲ.

"ಮಾಘದಾಗ ನಮ್ಮ ಸಣ್ಣಾಕಿ ಮದಿವಿ ಐತಿ," ಎನ್ನುತ್ತಾರೆ ಸೆರಗು ಕೊಡವುತ್ತಾ. "ಖಾಲಿ ಅದಿಯೇನು?"

"ಅದೀನಿ ತಗಾರಿ. ಆದ್ರ ಅವತ್ತು ನೀವು ರೇಷ್ಮಿ ಉಡಬ್ಯಾಡ್ರಿ, ಕಾಟನ್ ಉಡ್ರಿ."

ಡ್ಯಾಮಿನ ಬಸ್ಸಿಗೆ ಇನ್ನೂ ಹೊತ್ತಿದೆ. ಉಚ್ಚೆಂಗಮ್ಮ ಪೆಟ್ಟಿಗೆಯ ಮೇಲೆ ಕೂತು ತಮ್ಮ ಬೆರಳುಗಳನ್ನು ಒಂದೊಂದಾಗಿ ತೊಳೆಯುತ್ತಾರೆ. ದೊಡ್ಡ ಆಸೆ ಏನಾದರೂ ಇದೆಯೇ ಎಂದರೆ ಯೋಚಿಸುತ್ತಾರೆ. ಅಗಲ ತೋರಿಸದ ಒಂದು ಕನ್ನಡಿ ಬೇಕು. ಮತ್ತೇನೂ ಹೊಳೆಯುವುದಿಲ್ಲ. ಅಷ್ಟರಲ್ಲಿ ಮೊಬೈಲಿಗೆ ಹೇಮಾಳ ಫೋಟೋ ಬರುತ್ತದೆ. ಗಂಡನ ಮನೆಯ ಬಚ್ಚಲ ಬಾಗಿಲಲ್ಲಿ ನಿಂತು ಅವಳೇ ತೆಗೆದುಕೊಂಡದ್ದು, ಮುಖ ತೊಳೆದು, ಟವೆಲು ಹೆಗಲಿಗೆ ಹಾಕಿಕೊಂಡು. ಅತ್ತ ಕಣ್ಣುಗಳು ಇನ್ನೂ ಊದಿವೆ, ಮೂಗಿನ ಪಕ್ಕದ ಮಚ್ಚೆ ಎದ್ದು ಕಾಣುತ್ತಿದೆ.

ಉಚ್ಚೆಂಗಮ್ಮ ಬಾಟಲಿಯ ಬೆನ್ನು ನೋಡುವಂತೆಯೇ ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಹಣೆ, ಕೆನ್ನೆ, ಗದ್ದ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಎಲ್ಲೂ ಏನೂ ಉಳಿದಿಲ್ಲ.

"ನೋಡ್ರಿ," ಎಂದು ಫೋನು ತಿರುಗಿಸಿ ತೋರಿಸುತ್ತಾರೆ. "ಹೇಮಾನೇ ಹೋಗ್ಯಾಳ ಮನೀಗೆ."